ಕೆಡವುವ ಮೊದಲು ಒಂದು ಫೋಟೊ ಸಾಕೆ?

ದೇವರಾಜ ಮಾರುಕಟ್ಟೆ ಹೇಗೂ ಉಳಿಯುವುದಿಲ್ಲ, ಬೀಳುವ ಮೊದಲು ಚೆನ್ನಾಗಿ ಫೋಟೊ ತೆಗೆದಿಟ್ಟುಕೊಂಡರೆ ಸಾಕು ಎಂಬ ಮಾತು ಮೈಸೂರಿನಲ್ಲಿ ಸಲೀಸಾಗಿ ಓಡಾಡುತ್ತಿದೆ. ಹಾಗೆನ್ನುತ್ತಿರುವವರು ಗುತ್ತಿಗೆದಾರರಲ್ಲ, ಇಂಜಿನಿಯರುಗಳೂ ಅಲ್ಲ. ಪರಂಪರೆಯ ಹೆಸರಿನಲ್ಲಿ ಭಾನುವಾರದ ಬೆಳಗ್ಗೆ ಕ್ಯಾಮೆರಾ ಹೆಗಲಿಗೇರಿಸಿ ಹಳೇಪೇಟೆ ಸುತ್ತುವವರು, ಸುತ್ತಿ ಬಂದು ಬರೆಯುವವರು. ನಮ್ಮ ವಾರಿಗೆಯ ಪತ್ರಿಕೆಯೊಂದು ಈಚೆಗೆ ಮಾರುಕಟ್ಟೆಯ ಚಿತ್ರಗಳಿಗೆ ಪುಟಗಟ್ಟಲೆ ಜಾಗ ಕೊಟ್ಟಿತು. ಚಿತ್ರಗಳು ಸೊಗಸಾಗಿದ್ದವು. ಅವುಗಳ ಕೆಳಗಿನ ಬರಹ ಮಾತ್ರ, ಕಟ್ಟಡ ಹೋದರೂ ನೆನಪು ಉಳಿಯಿತಲ್ಲ ಎಂದು ಓದುಗರನ್ನು ಸಮಾಧಾನಪಡಿಸಿ ಕೈತೊಳೆದುಕೊಂಡಿತು. ನಮಗೆ ಅದು ಸಮಾಧಾನದ ಮಾತಾಗಿ ಕಾಣಲಿಲ್ಲ, ಶರಣಾಗತಿಯಾಗಿ ಕಂಡಿತು. ಅದಕ್ಕೆ ಇಲ್ಲಿ ಉತ್ತರ ಹೇಳಲೇಬೇಕಾಗಿದೆ.

ಘಟನೆಗಳು ಓದುಗರಿಗೆ ಗೊತ್ತಿರುವಂಥವೇ. 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಜೀವ ಕಳೆದುಕೊಂಡರು. ಅಲ್ಲಿದ್ದ ಹಳೆ ಪುಸ್ತಕದ ಅಂಗಡಿಗಳು ಚದುರಿಹೋದವು. ಮೈಸೂರಿನಲ್ಲಿ ಓದಿದ ಎಷ್ಟೋ ಬಡ ವಿದ್ಯಾರ್ಥಿಗಳ ಪಠ್ಯಪುಸ್ತಕಗಳು ಆ ಕಮಾನುಗಳ ಕೆಳಗಿನಿಂದಲೇ ಬಂದವು. 2016ರ ಆಗಸ್ಟ್ 28ರಂದು ದೇವರಾಜ ಮಾರುಕಟ್ಟೆಯ ಉತ್ತರದ ಹೆಬ್ಬಾಗಿಲು, ಅದೂ ದುರಸ್ತಿ ನಡೆಯುತ್ತಿದ್ದಾಗ, ಕುಸಿಯಿತು. 2022ರಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. 2023ರಲ್ಲಿ ಹೈಕೋರ್ಟ್, ಮಾರುಕಟ್ಟೆ ಮತ್ತು ಲ್ಯಾನ್ಸ್‌ಡೌನ್ ಎರಡನ್ನೂ ಕೆಡವಿ ಕಟ್ಟುವುದಕ್ಕೆ ಅಡ್ಡಿಯಿಲ್ಲವೆಂದಿತು. ದುರಸ್ತಿ ಸಾಧ್ಯ ಎಂದು ಮೊದಲಿನಿಂದಲೂ ಹೇಳುತ್ತ ಬಂದ ಪರಂಪರೆ ತಜ್ಞ ಪ್ರೊ. ಎನ್.ಎಸ್. ರಂಗರಾಜು ಅವರಂಥವರ ಮಾತು ಕಡತದಲ್ಲೇ ಉಳಿಯಿತು.

ಹಳೆಯದಾಗಿತ್ತು, ಆದ್ದರಿಂದ ಬಿತ್ತು ಎಂಬುದು ಎಲ್ಲ ಕುಸಿತಗಳಿಗೂ ಸಿಗುವ ಒಂದೇ ವಿವರಣೆ. ಇದು ಸುಳ್ಳು. ಜಗನ್ಮೋಹನ ಅರಮನೆ 1861ರದ್ದು, ಲ್ಯಾನ್ಸ್‌ಡೌನ್‌ಗಿಂತ ಮೂರು ದಶಕ ಹಿರಿದು, ನಿಂತಿದೆ. ಬೆಂಗಳೂರಿನ ಅಠಾರ ಕಚೇರಿ ಅದೇ ದಶಕದ್ದು. 1980ರ ದಶಕದಲ್ಲಿ ಅದನ್ನು ಕೆಡವುವ ಮಾತು ಬಂದಾಗ ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿದರು. ಕಟ್ಟಡ ಉಳಿಯಿತು, ಇಂದಿಗೂ ಅದರೊಳಗೆ ಹೈಕೋರ್ಟ್ ನಡೆಯುತ್ತಿದೆ. ವಯಸ್ಸಾಯಿತೆಂದು ಇಟ್ಟಿಗೆ–ಗಾರೆಯ ಗೋಡೆ ತಾನಾಗಿ ಬೀಳುವುದಿಲ್ಲ. ಚಾವಣಿಯ ನೀರು ಹೋಗುವ ದಾರಿ ಕಟ್ಟಿಕೊಂಡಾಗ ಬೀಳುತ್ತದೆ. ಕೈಪಿಡಿ ಗೋಡೆಯ ಬಿರುಕಿನಲ್ಲಿ ಮೊಳೆತ ಅರಳಿ ಸಸಿಯನ್ನು ಕೀಳದೆ ಬಿಟ್ಟಾಗ, ಅದರ ಬೇರು ಗೋಡೆಯನ್ನು ಸೀಳಿದಾಗ ಬೀಳುತ್ತದೆ. ಗೋಡೆಯೊಳಗೆ ಹುದುಗಿರುವ ತೊಲೆಯ ತುದಿ ತೇವದಲ್ಲಿ ನೆನೆದು ಕೊಳೆತಾಗ ಬೀಳುತ್ತದೆ. ಮಳಿಗೆಯವರು ಅಟ್ಟ ಹಾಕಿ, ಗೋಡೆ ಕೊರೆದು, ಮೇಲೆ ನೀರಿನ ಟ್ಯಾಂಕು ಕೂರಿಸಿದಾಗಲೂ ಬೀಳುತ್ತದೆ. ಈ ಕೊನೆಯದನ್ನು ವ್ಯಾಪಾರಿಗಳ ಪರವಾಗಿ ಮಾತಾಡುವ ನಾವು ಮುಚ್ಚಿಡುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹಾನಿ ದುರಸ್ತಿಯ ಹೆಸರಿನಲ್ಲೇ ಆಗುತ್ತದೆ. ಸುಣ್ಣ, ಮರಳು, ಇಟ್ಟಿಗೆ ಪುಡಿ ಸೇರಿಸಿ ಅರೆದು, ಅಳಲೆಕಾಯಿ ನೀರು, ಬೆಲ್ಲ ಬೆರೆಸಿ ಕೊಳೆಹಾಕಿದ ಗಾರೆ ತೇವವನ್ನು ಒಳಗೆಳೆದುಕೊಂಡರೂ ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಅಂಥ ಗೋಡೆಯ ಮೇಲೆ ಸಿಮೆಂಟ್ ಬಳಿದರೆ ಒಳಗಿನ ನೀರಿಗೆ ಹೊರಬರುವ ದಾರಿಯೇ ಇರುವುದಿಲ್ಲ. ಹೊರಮೈ ಹೊಸದಾಗಿ ಕಾಣುತ್ತದೆ, ಒಳಗಿನ ಇಟ್ಟಿಗೆ ಪುಡಿಯಾಗುತ್ತಿರುತ್ತದೆ. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಕಡಿಮೆಯಾಗಿದ್ದಾರೆ, ಇಲ್ಲವಾಗಿಲ್ಲ. ಟೆಂಡರಿನಲ್ಲಿ ಸಿಮೆಂಟ್ ಚೀಲದ ಲೆಕ್ಕ ಬರೆಯಲು ಬರುವವರಿಗೆ ಗಾರೆಯ ಲೆಕ್ಕ ಬರೆಯಲು ಬರುವುದಿಲ್ಲ. ಒಂದು ಊರಿನ ಮಾರುಕಟ್ಟೆಯ ಹಣೆಬರಹ ಇಂಥ ಕಾರಣಕ್ಕೆ ನಿರ್ಧಾರವಾಗುತ್ತಿದೆಯಲ್ಲ ಎಂಬುದು ನಮ್ಮ ಸಂಕಟ.

ಈಗ ಫೋಟೊದ ಮಾತಿಗೆ ಬರೋಣ. ಕೆಡವುವ ಮೊದಲು ಚಿತ್ರ ತೆಗೆಸುವುದು ಹೊಸ ಆಲೋಚನೆ ಎಂದು ಯಾರೂ ತಿಳಿಯಬೇಕಾಗಿಲ್ಲ. 1866ರಲ್ಲಿ ಗ್ಲಾಸ್ಗೊ ನಗರದಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಹಳೆಯ ಕೇರಿಗಳನ್ನು ನೆಲಸಮ ಮಾಡುವುದು ಅದರ ಕೆಲಸ. ಅದಕ್ಕೆ ಮುಂಚೆ ಅದು ಥಾಮಸ್ ಅನಾನ್ ಎಂಬ ಛಾಯಾಗ್ರಾಹಕನನ್ನು ಆ ಕೇರಿಗಳಿಗೆ ಕಳಿಸಿತು. 1868ರಿಂದ 1871ರವರೆಗೆ ಆತ ತೆಗೆದ ಚಿತ್ರಗಳು ಜಗತ್ತಿನ ಛಾಯಾಗ್ರಹಣ ಚರಿತ್ರೆಯಲ್ಲೇ ದೊಡ್ಡವು. ಅದೇ ಕಾಲಕ್ಕೆ ಪ್ಯಾರಿಸ್‌ನಲ್ಲಿ ಬ್ಯಾರನ್ ಹೌಸ್‌ಮನ್ ಅಗಲ ರಸ್ತೆಗಳಿಗಾಗಿ ಹಳೆಯ ಓಣಿಗಳನ್ನು ಅಳಿಸುತ್ತಿದ್ದ; ನಗರಾಡಳಿತದ ಪರವಾಗಿ ಷಾರ್ಲ್ ಮಾರ್ವಿಲ್ ಆ ಓಣಿಗಳ ನಾನೂರಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಕಲೆಯಾಗಿ ಇವಕ್ಕೆ ನಾವು ತಲೆಬಾಗುತ್ತೇವೆ. ಆದರೆ ಒಂದನ್ನು ಗಮನಿಸಬೇಕು: ಎರಡೂ ಕಡೆ ಚಿತ್ರ ತೆಗೆಸಿದ್ದು ಕೆಡವುವವರೇ. ಕ್ಯಾಮೆರಾ ಅಲ್ಲಿ ಗುದ್ದಲಿಯ ಮುಂದೆ ನಡೆಯಿತು. ದಾಖಲೆ ಆಯಿತು ಎಂದಾದ ಮೇಲೆ ಕೆಡವುವುದಕ್ಕೆ ಯಾರ ಮನಸ್ಸೂ ಅಳುಕಲಿಲ್ಲ. ಆ ಕಾಲದ ಕ್ಯಾಮೆರಾಕ್ಕೆ ಚಲಿಸುವ ಮನುಷ್ಯರು ದಕ್ಕುತ್ತಿರಲಿಲ್ಲ. ಮಾರ್ವಿಲ್‌ನ ಓಣಿಗಳು ಬಹುಪಾಲು ಖಾಲಿ, ಅನಾನ್‌ನ ಕೇರಿಗಳಲ್ಲಿ ಜನ ಮಸುಕು. ಖಾಲಿ ಕಂಡ ಜಾಗವನ್ನು ಖಾಲಿ ಮಾಡಿಸುವುದು ಸುಲಭ.

ನಮ್ಮ ಇಂದಿನ ಕ್ಯಾಮೆರಾಗಳಿಗೆ ಆ ತೊಡಕಿಲ್ಲ. ಹಾಗಿದ್ದೂ ನಮ್ಮವರು ಮನುಷ್ಯರನ್ನು ಬೇಕೆಂದೇ ಹೊರಗಿಡುತ್ತಾರೆ. ನಮಗೆ ಬರುವ ಚಿತ್ರಗಳಲ್ಲಿ ದೇವರಾಜ ಮಾರುಕಟ್ಟೆ ಎಂದರೆ ಗೋಪುರದಂತೆ ಪೇರಿಸಿದ ಬಣ್ಣಬಣ್ಣದ ಕುಂಕುಮದ ರಾಶಿ. ಅದನ್ನು ಬಿಟ್ಟರೆ ಬೆಳಗಿನ ಜಾವ ಬಾಗಿಲು ತೆರೆಯುವ ಮೊದಲು ತೆಗೆದ ಕಮಾನು. ಕುಂಕುಮ ಮಾರುವಾತನ ಕೈ ಕೂಡ ಬಾರದಂತೆ ಚೌಕಟ್ಟು ಕತ್ತರಿಸಿರುತ್ತಾರೆ. ನೀಲಿ ಪ್ಲಾಸ್ಟಿಕ್ ಹಾಳೆ, ವಿದ್ಯುತ್ ತಂತಿ, ನಿಂಬೆಹಣ್ಣಿನ ಮೂಟೆ, ಮಾರು ಲೆಕ್ಕದಲ್ಲಿ ಮಲ್ಲಿಗೆ ಅಳೆಯುವ ಹೆಂಗಸು, ಒದ್ದೆ ಗೋಣಿಯ ಮೇಲೆ ವೀಳ್ಯದೆಲೆಯ ಕಟ್ಟು ಜೋಡಿಸುವ ಮುದುಕ, ಬಾಳೆಗೊನೆ ಹೊತ್ತ ಕೂಲಿಯಾಳು, ಇವರೆಲ್ಲ ಇಂಥವರ ಪ್ರಕಾರ ಸೌಂದರ್ಯಕ್ಕೆ ಅಡ್ಡಿ. ಎಂಟುನೂರಕ್ಕೂ ಹೆಚ್ಚು ಮಳಿಗೆಗಳಿರುವ, ನಸುಕಿನಿಂದ ರಾತ್ರಿಯವರೆಗೆ ಉಸಿರಾಡುವ ಜಾಗ ಈ ಚಿತ್ರಗಳಲ್ಲಿ ಯಾರೋ ಬಿಟ್ಟುಹೋದ ಸ್ಮಾರಕವಾಗಿಬಿಡುತ್ತದೆ. ಮೇಲಿಂದ ಕಪ್ಪು–ಬಿಳುಪು ಮಾಡಿ, ಕಂದು ಬಣ್ಣ ಹಚ್ಚಿ, ಹೋದ ವಾರದ ಚಿತ್ರವನ್ನು ನೂರು ವರ್ಷದ ಹಿಂದಿನದು ಮಾಡುವ ಚಪಲ ಬೇರೆ. ಬದುಕಿರುವುದನ್ನು ಸತ್ತದ್ದೆಂದು ತೋರಿಸುವ ಚಿತ್ರ ಕೆಡವುವವರ ವಾದಕ್ಕೆ ಸಾಕ್ಷಿ ಹೇಳುತ್ತದೆ. ಅಲ್ಲಿ ಯಾರೂ ಇಲ್ಲವಲ್ಲ, ಕೆಡವಿದರೆ ಯಾರಿಗೆ ನಷ್ಟ?

ಇದನ್ನು ಮೈಸೂರಿನವರಿಗೆ ಹೇಳಬೇಕಾಗಿ ಬಂದಿರುವುದು ಇನ್ನೂ ಬೇಸರದ ಸಂಗತಿ. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಇದೇ ಊರಿನವರು. ಸಿಡುಬು ನಿರ್ಮೂಲನದ ಕಾಲದಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಹಳ್ಳಿಗಳನ್ನು ಸುತ್ತಿದವರು, ಯುನಿಸೆಫ್‌ಗಾಗಿ ಮಕ್ಕಳ ಚಿತ್ರ ತೆಗೆದವರು. ಅವರ ಚಿತ್ರಗಳಲ್ಲಿ ಸಾಮಾನ್ಯ ಮನುಷ್ಯ ಯಾವತ್ತೂ ಅಡ್ಡಿಯಾಗಲಿಲ್ಲ; ಅವನಿಗಾಗಿಯೇ ಚಿತ್ರವಿತ್ತು. ಅಂಥ ಮೇಷ್ಟ್ರು ಬಾಳಿದ ಊರಿನಲ್ಲಿ ಮನುಷ್ಯರಿಲ್ಲದ ಪೇಟೆಯ ಚಿತ್ರಗಳಿಗೆ ಬಹುಮಾನ ಕೊಡಲಾಗುತ್ತಿದೆ ಎಂದರೆ, ತೀರ್ಪುಗಾರರ ಪೀಠದಲ್ಲಿ ಕೂತವರಿಗೆ ಸತ್ಯನ್ ಅವರ ಹೆಸರಷ್ಟೇ ಗೊತ್ತು ಎಂದಾಯಿತು.

ಇನ್ನೊಂದು ಜಗಳ ನಮಗೆ ಬಹಳ ದಿನದ್ದು, ಈ ಪುಟ ಓದುವವರಿಗೆ ಪರಿಚಿತವಾದದ್ದು. ಮೈಸೂರಿನ ಪರಂಪರೆ ಎಂದರೆ ಇಂದಿಗೂ ಅರಮನೆ, ಗಡಿಯಾರ ಗೋಪುರ, ಗುಮ್ಮಟ. 1903ರಲ್ಲಿ ಇಲ್ಲಿ ಬಂದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಹೊಸ ಬಡಾವಣೆ, ಅಗಲ ಬೀದಿ, ಚರಂಡಿ ಮಾಡಿತೆಂದು ಹೊಗಳುತ್ತೇವೆ. ಅವುಗಳ ಒಳಗೆ ಜನ ಹೇಗೆ ಬಾಳಿದರೆಂದು ನೋಡುವುದಿಲ್ಲ. ಒಂದೇ ನಲ್ಲಿಗೆ ಹತ್ತು ಸಂಸಾರ ಸಾಲುನಿಂತ ವಠಾರಗಳು ಯಾವ ಪಟ್ಟಿಯಲ್ಲೂ ಇಲ್ಲ. ಅಗ್ರಹಾರದ ತೊಟ್ಟಿಮನೆಯ ಕಂಬದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರು ಮಂಡಿ ಮೊಹಲ್ಲಾದ ಓಣಿಗೆ ಕಾಲಿಡುವುದಿಲ್ಲ. ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಎದ್ದ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. ಮಲ ಹೊರುವವರು ಮುಂಬಾಗಿಲ ಬೀದಿಯಲ್ಲಿ ಕಾಣಿಸಿಕೊಳ್ಳದಂತೆ ಬಂದು ಹೋಗುತ್ತಿದ್ದ ದಾರಿ ಅದು. ಊರನ್ನು ಕಟ್ಟಿದ ಬಗೆಯಲ್ಲೇ ಜಾತಿಯನ್ನು ಬರೆದಿಟ್ಟ ಜಾಗ. ಮುಂಬಾಗಿಲಿನ ಮಂಕಿ ಟಾಪ್ ಕಿಟಕಿಗೆ ಸಾವಿರ ಚಿತ್ರ, ಹಿಂಬಾಗಿಲ ಗಲ್ಲಿಗೆ ಒಂದೂ ಇಲ್ಲ. ಈ ಗಲ್ಲಿಗಳು ಒತ್ತುವರಿಯಾಗಿ, ಶೆಡ್ಡು ಎದ್ದು ಅಳಿಸಿಹೋಗುತ್ತಿವೆ. ಅವು ಪೂರ್ತಿ ಅಳಿದರೆ, ನಮ್ಮ ಹಿರಿಯರ ಬಡಾವಣೆಗಳು ಬರೀ ಸಂಪಿಗೆ ಮರ, ಜಗುಲಿ, ಸಂಗೀತ ಎಂದು ಮುಂದಿನವರು ನಂಬಿಬಿಡುತ್ತಾರೆ.

ಕೆಡವಿ ಅದೇ ಶೈಲಿಯಲ್ಲಿ ಕಟ್ಟಿಕೊಡುತ್ತೇವೆ ಎಂಬ ಭರವಸೆಯನ್ನೂ ನಾವು ನಂಬುವುದಿಲ್ಲ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯನ್ನು ಹೋಗಿ ನೋಡಿ. 1921ರ ಹಳೆಯ ಕಟ್ಟಡವನ್ನು ಮುಂದಿಟ್ಟುಕೊಂಡು 1990ರ ದಶಕದಲ್ಲಿ ಹಿಂದೆ ಬಹುಮಹಡಿ ಸಂಕೀರ್ಣ ಎಬ್ಬಿಸಿದರು. ಸೊಪ್ಪಿನವರು, ಹೂವಿನವರು ಇಂದಿಗೂ ಅದರ ಹೊರಗೆ ನೆಲದ ಮೇಲೆ, ಬಸ್ಸು ಲಾರಿಗಳ ನಡುವೆ ಕೂತಿದ್ದಾರೆ. ನೆಲದ ವ್ಯಾಪಾರಕ್ಕೆ ಮಹಡಿ ಒಗ್ಗುವುದಿಲ್ಲ ಎಂದು ತಿಳಿಯಲು ತಜ್ಞರ ಸಮಿತಿ ಬೇಕಾಗಿಲ್ಲ. ಅದಕ್ಕೆ ಹೋಲಿಸಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯನ್ನು ನೋಡಿ: 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ನೂರಕ್ಕೂ ಹೆಚ್ಚು ಮಳಿಗೆ ಸುಟ್ಟರೂ ಕಟ್ಟಡ ನಿಂತಿದೆ, ವ್ಯಾಪಾರ ನಡೆದಿದೆ. ಮುಂಬಯಿ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮ ಮಾಡಿಕೊಂಡಿತು. 1869ರ ಕ್ರಾಫರ್ಡ್ ಮಾರುಕಟ್ಟೆಯ ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಕೆಲಸ ಮಾಡಿತು. ಮೈಸೂರಿಗೆ ಆಗದ್ದೇನಿದೆ? ರಾಜ್ಯದ ಪುರಾತತ್ತ್ವ, ಸಂಗ್ರಹಾಲಯ ಮತ್ತು ಪರಂಪರೆ ಇಲಾಖೆಯ ಕೇಂದ್ರ ಕಚೇರಿಯೇ ಇಲ್ಲಿದೆ. ಜಂಬೂಸವಾರಿ ಪ್ರತಿ ದಸರೆಯಲ್ಲೂ ಈ ಮಾರುಕಟ್ಟೆಯ ಪಕ್ಕದಲ್ಲೇ, ಸಯ್ಯಾಜಿರಾವ್ ರಸ್ತೆಯಲ್ಲೇ ಸಾಗುತ್ತದೆ.

ಕ್ಯಾಮೆರಾ ಬೇಡವೆಂದು ನಾವು ಹೇಳುತ್ತಿಲ್ಲ. ಅದರಿಂದ ಬೇರೆ ಕೆಲಸವಾಗಬೇಕು ಎನ್ನುತ್ತಿದ್ದೇವೆ. ಮಳೆಗಾಲಕ್ಕೆ ಮುಂಚೆ ಒಂದು, ಮಳೆ ನಿಂತ ಮೇಲೆ ಒಂದು, ಒಂದೇ ಜಾಗದಿಂದ ತೆಗೆದ ಎರಡು ಚಿತ್ರಗಳು ಬಿರುಕು ಬೆಳೆಯುತ್ತಿದೆಯೋ ಇಲ್ಲವೋ ಎಂದು ನ್ಯಾಯಾಲಯಕ್ಕೂ ಹೇಳಬಲ್ಲವು. ಚಾವಣಿಯ ತೊಲೆ, ಹಂಚಿನ ಸಾಲು, ಬಾಗಿಲ ಕೀಲು, ಮಳೆನೀರಿನ ಕೊಳವೆ, ಕಿತ್ತ ಗಾರೆಯ ಕೆಳಗಿನ ಇಟ್ಟಿಗೆ, ಇವು ಸುಂದರವಾಗಿ ಕಾಣಲಿಕ್ಕಿಲ್ಲ. ನಾಳೆ ರಿಪೇರಿಗೆ ಕೂರುವ ಮೇಸ್ತ್ರಿಗೆ ಬೇಕಾದದ್ದು ಇವೇ. ಮಳಿಗೆಯ ಹಳೆಯ ಬೋರ್ಡು, ಅದರ ಮೇಲಿನ ಕೈಬರಹದ ಅಕ್ಷರ, ಇಸವಿ, ಅಂಗಡಿ ನಡೆಸುತ್ತಿರುವವರ ಮುಖ, ಅವರ ಒಪ್ಪಿಗೆ ಪಡೆದು ತೆಗೆದರೆ ಆ ಜಾಗದ ಹಕ್ಕಿನ ದಾಖಲೆಯೂ ಆಗುತ್ತದೆ. ತೆಗೆದ ಮೇಲೆ ಒಂದು ಪ್ರತಿ ಅವರಿಗೆ ಮುಟ್ಟಿಸಬೇಕು. ಇಷ್ಟು ಸಾಮಾನ್ಯ ಸೌಜನ್ಯವನ್ನು ಮರೆತವರ ಮೇಲೆ ವ್ಯಾಪಾರಿಗಳು ಸಿಡುಕಿದರೆ ತಪ್ಪು ಅವರದಲ್ಲ.

ಬೀದಿಯ ಹೆಸರಿಲ್ಲದೆ, ದಿನಾಂಕವಿಲ್ಲದೆ, ಬರೀ ‘ಹಳೆಯ ಮೈಸೂರಿನ ಒಂದು ನೋಟ’ ಎಂದು ಬರೆದು ಕಳಿಸುವ ಚಿತ್ರವನ್ನು ಇನ್ನು ಮುಂದೆ ನಾವು ಅಚ್ಚು ಹಾಕುವುದಿಲ್ಲ. ತೆಗೆದವರ ಹೆಸರಿಲ್ಲದೆಯೂ ಹಾಕುವುದಿಲ್ಲ. ಬೇರೆಯವರ ಚಿತ್ರವನ್ನು ‘ಸಂಗ್ರಹ’ ಎಂದು ಮೂಲೆಯಲ್ಲಿ ಬರೆದು ಬಳಸುವ ದುರಭ್ಯಾಸ ಕನ್ನಡ ಪತ್ರಿಕೆಗಳಿಂದ ತೊಲಗಬೇಕು.

 

ದೇವರಾಜ ಮಾರುಕಟ್ಟೆಯನ್ನಾಗಲಿ ಲ್ಯಾನ್ಸ್‌ಡೌನ್ ಕಟ್ಟಡವನ್ನಾಗಲಿ ಕೆಡವಬಾರದು. ವ್ಯಾಪಾರಿಗಳನ್ನು ಊರಾಚೆಗೆ ಸಾಗಿಸದೆ, ಒಂದೊಂದೇ ಭಾಗ ಎತ್ತಿಕೊಂಡು, ಗಾರೆಯಲ್ಲೇ ದುರಸ್ತಿ ಮಾಡಿಸಬೇಕು. ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು: ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಈ ಎರಡು ಕಟ್ಟಡಗಳ ಒಳಭಾಗದ ಹಳೆಯ ಚಿತ್ರಗಳಿದ್ದರೆ, ತೆಗೆದ ವರ್ಷ ಮತ್ತು ಅದರಲ್ಲಿರುವವರ ವಿವರ ಬರೆದು ನಮಗೆ ಕಳಿಸಿ. ಅವುಗಳ ಪ್ರತಿಗಳನ್ನು ಪಾಲಿಕೆಗೂ ಪರಂಪರೆ ಇಲಾಖೆಗೂ ನಾವೇ ಒಯ್ದು ಕೊಡುತ್ತೇವೆ.