ಕನ್ನಡಕ ತೆಗೆಸುವ ಮುನ್ನ...

ಹೆಣ್ಣು ನೋಡೋಕೆ ಬಂದವರು ಕನ್ನಡಕ ಕಂಡ ಕೂಡಲೇ ಮುಖ ಸಣ್ಣಗೆ ಮಾಡ್ತಾರೆ. ಅವರು ಅತ್ತ ಹೋದರೋ ಇಲ್ಲವೋ, ಇತ್ತ ಮನೆಯಲ್ಲಿ ಮಾತು ಶುರು: ‘ಲೇಸರ್ ಮಾಡಿಸಿಬಿಡಿ, ಹತ್ತು ನಿಮಿಷದ ಕೆಲಸ.’ ಆ ಹತ್ತು ನಿಮಿಷದಲ್ಲಿ ನಡೆಯೋದೇನು ಅಂತ ನಿಮಗೆ ಯಾರಾದರೂ ಹೇಳಿದ್ದಾರಾ?

ಈ ವಿದ್ಯೆ ಹುಟ್ಟಿದ್ದು ಹಬ್ಬದಲ್ಲಿ ಮಿಕ್ಕಿದ ಅಡುಗೆಯಿಂದ! ಮದರಾಸಿನಲ್ಲಿ ಓದಿದ ರಂಗಸ್ವಾಮಿ ಶ್ರೀನಿವಾಸನ್ ಅಮೆರಿಕದ ಐಬಿಎಂ ಕಂಪನಿಯಲ್ಲಿ ವಿಜ್ಞಾನಿ. 1981ರ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮಾರನೇ ದಿನ, ಉಳಿದಿದ್ದ ಟರ್ಕಿ ಕೋಳಿಯನ್ನು ಪ್ರಯೋಗಾಲಯಕ್ಕೆ ಒಯ್ದರು. (ಸಸ್ಯಾಹಾರಿಗಳು ದಯವಿಟ್ಟು ಮೂಗು ಮುರೀಬೇಡಿ.) ಹಸಿರು ಲೇಸರ್ ಬಿಟ್ಟರೆ ಮಾಂಸ ಸೀದುಹೋಯಿತು. ಎಕ್ಸೈಮರ್ ಎಂಬ ನೇರಳಾತೀತ ಲೇಸರ್ ಬಿಟ್ಟರೆ, ಅಕ್ಕಪಕ್ಕ ಚೂರೂ ಕರಕಾಗದೆ ಗೆರೆ ಕೊರೆದಂತೆ ಕತ್ತರಿಸಿತು. ಈ ಬೆಳಕನ್ನು ಮೇಲಿನ ತೆಳು ಪದರವೇ ಹೀರಿಕೊಳ್ಳುತ್ತೆ. ಬಿಸಿ ಒಳಗೆ ಹರಡೋ ಮೊದಲೇ ಆ ಪದರ ಕಳಚಿ ಹಾರಿಹೋಗುತ್ತೆ. ಮುಂದೆ 1983ರಲ್ಲಿ ಕಣ್ಣಿನ ವೈದ್ಯ ಸ್ಟೀಫನ್ ಟ್ರೋಕೆಲ್ ಜೊತೆಗೂಡಿ ದನದ ಕಣ್ಣಿನ ಮೇಲೆ ಪ್ರಯೋಗ ನಡೆಯಿತು. ಅಮೆರಿಕದಲ್ಲಿ ದೃಷ್ಟಿದೋಷಕ್ಕೆ ಈ ಲೇಸರ್ ಬಳಸಲು ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ.

ಅಂದರೆ ಲೇಸರ್ ನಿಮ್ಮ ಮಗಳ ‘ಪವರ್’ ತೆಗೆಯೋಲ್ಲ, ಕಾರ್ನಿಯಾದ ಒಂದಿಷ್ಟು ಭಾಗವನ್ನೇ ತೆಗೆಯುತ್ತೆ. ಕಣ್ಣಿನ ಮುಂದಿನ ಆ ಪಾರದರ್ಶಕ ಪದರ ನಡುವಿನಲ್ಲಿ ಇರೋದೇ ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಪವರ್ ಹೆಚ್ಚಿದ್ದಷ್ಟೂ ಹೆಚ್ಚು ಕೆರೆಯಬೇಕು. ಕೆರೆದದ್ದು ಮತ್ತೆ ಬೆಳೆಯೋಲ್ಲ. ಅದಕ್ಕೇ ದಪ್ಪ, ಆಕಾರ ಎರಡನ್ನೂ ಅಳೆಯದೆ ದಿನ ಗೊತ್ತು ಮಾಡಿದರೆ ಒಪ್ಪಬೇಡಿ.

ಹದಿನೆಂಟು ತುಂಬಿರಬೇಕು, ಕನಿಷ್ಠ ಒಂದು ವರ್ಷ ಪವರ್ ಬದಲಾಗಿರಬಾರದು. ಬಸುರಿ, ಬಾಣಂತಿಯರಿಗೆ ಆಗ ಬೇಡ. ಕಾಂಟ್ಯಾಕ್ಟ್ ಲೆನ್ಸ್ ಹಾಕೋರು ಪರೀಕ್ಷೆಗೂ ಮುಂಚೆ ಕೆಲವು ವಾರ ಅದನ್ನು ಬಿಡಬೇಕು. ಆಮೇಲೆ ಕಣ್ಣು ಒಣಗೋದು, ರಾತ್ರಿ ದೀಪದ ಸುತ್ತ ಬಳೆಯಂಥ ಬೆಳಕು ಕಾಣೋದು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತೆ. ಹಾಗಾಗಿ ಲಗ್ನಪತ್ರಿಕೆ ಅಚ್ಚಾದ ಮೇಲೆ ಓಡಬೇಡಿ. ಇನ್ನು ನಮ್ಮಂಥವರು ಮಾಡಿಸಿದರೂ, ನಲವತ್ತು ದಾಟಿದ ಮೇಲೆ ಅಕ್ಕಿ ಆರಿಸೋಕೆ, ಸೂಜಿಗೆ ದಾರ ಪೋಣಿಸೋಕೆ ಕನ್ನಡಕ ಬರೋದೇ.

ಒಬ್ಬ ವೈದ್ಯರು ‘ಈ ಕಣ್ಣಿಗೆ ಬೇಡ’ ಅಂದರೆ, ‘ಆಗುತ್ತೆ’ ಅನ್ನೋರನ್ನು ಹುಡುಕಿಕೊಂಡು ಅಲೆಯಬೇಡಿ. ಅದಕ್ಕೂ ಮೊದಲು, ಮಗಳಿಗೇ ಕನ್ನಡಕ ಬೇಡವಾಗಿದೆಯಾ, ನೋಡಲು ಬಂದವರಿಗಾ? ಅವಳನ್ನು ಒಬ್ಬಳೇ ಇದ್ದಾಗ ಕೇಳಿ ನೋಡಿ.