ಎದೆಯ ಕಿಂಡಿ ಶಸ್ತ್ರಕ್ರಿಯೆ: ಪ್ರಾಣಿಯ ಸಾಕ್ಷ್ಯಕ್ಕೆ ಎಷ್ಟು ಬೆಲೆ?

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿನಿಂದ ಚಿಕಿತ್ಸೆಗಾಗಿ ಬರುವ ಬಂಧುಗಳು ಹೊಸಬರಲ್ಲ. ಎಕ್ಸ್-ರೇ ಲಕೋಟೆಯನ್ನು ಕಂಕುಳಲ್ಲಿರಿಸಿಕೊಂಡು ರೈಲಿಳಿದ ದೊಡ್ಡಪ್ಪನನ್ನು ಪರೇಲಿನ ಆಸ್ಪತ್ರೆಗೆ ಕರೆದೊಯ್ಯುವುದು, ವೈದ್ಯರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವುದು, ಕೊನೆಗೆ ಒಪ್ಪಿಗೆ ಪತ್ರದ ಮೇಲೆ ರುಜು ಹಾಕುವುದು, ಇವೆಲ್ಲ ನಗರವಾಸಿಯ ಪಾಲಿಗೆ ಬಂದ ಕರ್ತವ್ಯಗಳು. ಪುಪ್ಪುಸದಲ್ಲಿ ಗಡ್ಡೆ ಕಂಡಾಗ ಇಂದು ಸಾಮಾನ್ಯವಾಗಿ ಎರಡು ಮಾರ್ಗಗಳ ಮಾತು ಬರುತ್ತದೆ: ಪಕ್ಕೆಲುಬುಗಳನ್ನು ಅಗಲಿಸಿ ಎದೆ ತೆರೆಯುವುದು, ಇಲ್ಲವೆ ಸಣ್ಣ ಕಿಂಡಿಗಳ ಮೂಲಕ ಕ್ಯಾಮರಾ ಮತ್ತು ಉಪಕರಣಗಳನ್ನು ಇಳಿಸುವುದು. ಎರಡನೆಯದು ಪ್ರಾಣಿಗಳ ಮೇಲೆ ಪರೀಕ್ಷಿತವಾದುದೆಂದು ಕೇಳಿದೊಡನೆ ಕೆಲವರಿಗೆ ಧೈರ್ಯ ಬರುತ್ತದೆ, ಕೆಲವರಿಗೆ ಮನಸ್ಸು ಹಿಂಜರಿಯುತ್ತದೆ. ಆ ಧೈರ್ಯಕ್ಕೂ ಆ ಹಿಂಜರಿಕೆಗೂ ಎಷ್ಟು ಆಧಾರವಿದೆಯೆಂಬುದು ವಿಚಾರಾರ್ಹ.

ಈ ವಿದ್ಯೆಯ ಆರಂಭದಲ್ಲೇ ಒಂದು ನಾಯಿಯಿದೆ. 1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ಹ್ಯಾಂಬರ್ಗ್‌ನ ವೈದ್ಯ ಸಮ್ಮೇಳನದಲ್ಲಿ ಜೀವಂತ ನಾಯಿಯ ಹೊಟ್ಟೆಗೆ ಗಾಳಿ ತುಂಬಿ, ಮೂತ್ರಕೋಶವನ್ನು ನೋಡಲು ಬಳಸುತ್ತಿದ್ದ ನಳಿಕೆಯನ್ನು ಅದರೊಳಗೆ ಇಳಿಸಿ ತೋರಿಸಿದನು. 1910ರಲ್ಲಿ ಸ್ಟಾಕ್‌ಹೋಮಿನ ಹಾನ್ಸ್ ಕ್ರಿಶ್ಚಿಯನ್ ಯಾಕೋಬೇಯಸ್ ಅಂಥದೇ ನಳಿಕೆಯನ್ನು ಮನುಷ್ಯನ ಎದೆಗೂಡಿಗೆ ಇಳಿಸಿದ ವರದಿಯನ್ನು ಪ್ರಕಟಿಸಿದನು. ಮುಂದೆ ಅವನು ಅದನ್ನು ಬಳಸಿದ್ದು ಕ್ಷಯರೋಗಿಗಳಲ್ಲಿ. ಪುಪ್ಪುಸವನ್ನು ಎದೆಯ ಗೋಡೆಗೆ ಅಂಟಿಸಿದ್ದ ಪಟ್ಟಿಗಳನ್ನು ಸುಟ್ಟು ಬಿಡಿಸುವುದು ಅವನ ಉದ್ದೇಶವಾಗಿತ್ತು. ಕ್ಷಯಕ್ಕೆ ಔಷಧಗಳು ಬಂದ ಮೇಲೆ ಆ ವಿದ್ಯೆ ಬಹುಮಟ್ಟಿಗೆ ಹಿಂದೆ ಸರಿಯಿತು. 1990ರ ದಶಕದ ಮೊದಲಲ್ಲಿ ವಿಡಿಯೋ ಕ್ಯಾಮರಾ ಅದಕ್ಕೆ ಹೊಸ ಜೀವ ಕೊಟ್ಟಿತು.

ಲಾಭ ಕೇವಲ ಜಾಹೀರಾತಿನದಲ್ಲ. ಬ್ರಿಟನ್ನಿನ 9 ಆಸ್ಪತ್ರೆಗಳಲ್ಲಿ ಪುಪ್ಪುಸದ ಕ್ಯಾನ್ಸರಿನ 503 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿ, 2022ರಲ್ಲಿ ಪ್ರಕಟಿಸಿದ ಹೋಲಿಕೆಯಲ್ಲಿ ಕಿಂಡಿ ವಿಧಾನದವರು ಐದು ವಾರಗಳ ಬಳಿಕ ಹೆಚ್ಚು ಚೇತರಿಸಿಕೊಂಡಿದ್ದರು. ಆಸ್ಪತ್ರೆಯ ವಾಸ ಒಂದು ದಿನ ಕಡಮೆಯಾಗಿತ್ತು. ಆದರೆ ಈ ಪುರಾವೆ ದೊರೆತದ್ದು ಮನುಷ್ಯರಿಂದ, ಹಂದಿಗಳಿಂದಲ್ಲ.

ಹಾಗಾದರೆ ಹಂದಿ ಕಲಿಸಿದ್ದೇನು? ಒಂದು ಉದಾಹರಣೆ ಸಾಕು. ಎದೆಗೂಡಿಗೆ ಒತ್ತಡದಲ್ಲಿ ಅನಿಲ ತುಂಬಿದರೆ ಪುಪ್ಪುಸ ಕುಗ್ಗಿ, ಶಸ್ತ್ರವೈದ್ಯನಿಗೆ ಕೈಯಾಡಲು ಸ್ಥಳ ದೊರೆಯುತ್ತದೆ. 1993ರಲ್ಲಿ ಹಂದಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಅಲ್ಪ ಒತ್ತಡಕ್ಕೇ ಹೃದಯವು ಹೊರದೂಡುವ ರಕ್ತ ತಗ್ಗಿತು. ಮನುಷ್ಯರಲ್ಲಾದರೋ ಅನಿಲವನ್ನು ಕಡಮೆ ಒತ್ತಡದಲ್ಲಿ ನಿಧಾನವಾಗಿ ತುಂಬಿದಾಗ ಅಷ್ಟು ಕೆಡುಕು ಕಾಣಲಿಲ್ಲ. ಎಚ್ಚರಿಕೆ ನಿಜವಾದುದು, ಅಳತೆ ಬೇರೆ. ಅಂಗರಚನೆಯಲ್ಲಿಯೂ ವ್ಯತ್ಯಾಸವುಂಟು: ಹಂದಿಯ ಬಲ ಪುಪ್ಪುಸದ ಮೇಲ್ಭಾಗಕ್ಕೆ ಹೋಗುವ ಉಸಿರುನಾಳ ನೇರವಾಗಿ ಶ್ವಾಸನಾಳದಿಂದಲೇ ಕವಲೊಡೆಯುತ್ತದೆ, ಮನುಷ್ಯರಲ್ಲಿ ಸಾಮಾನ್ಯವಾಗಿ ಹಾಗಿಲ್ಲ. ಒಂದು ಶಾಖೆಯ ಲೆಕ್ಕ ಸರಿಹೊಂದಿತೆಂದು ಇನ್ನೊಂದು ಶಾಖೆಯ ಲೆಕ್ಕವನ್ನು ತಪಾಸಣೆಯಿಲ್ಲದೆ ಒಪ್ಪುವವರುಂಟೆ?

ಭಾರತದ ಮಟ್ಟಿಗೆ ಇನ್ನೂ ದೊಡ್ಡ ವ್ಯತ್ಯಾಸವೊಂದಿದೆ. ಪ್ರಯೋಗಶಾಲೆಯ ಹಂದಿ ಎಳೆಯದು, ಆರೋಗ್ಯವಂತ. ಅದರ ಪುಪ್ಪುಸ ನುಣುಪಾಗಿ ಬಿಡಿಯಾಗಿರುತ್ತದೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ಭಾರತದವರು. ಎಂದೋ ಕ್ಷಯ ಬಂದು ವಾಸಿಯಾದ ಎದೆಯಲ್ಲಿ ಪುಪ್ಪುಸ ಗೋಡೆಗೆ ಅಂಟಿರಬಹುದು, ರಕ್ತನಾಳಗಳ ಸುತ್ತಲಿನ ಗ್ರಂಥಿಗಳು ಗಟ್ಟಿಗೊಂಡು ನಾಳಕ್ಕೆ ಕಚ್ಚಿರಬಹುದು. ಯಾಕೋಬೇಯಸ್ ಎದುರಿಸಿದ ಆ ಅಂಟುಗಳೇ ನೂರು ವರ್ಷಗಳ ಅನಂತರವೂ ಕಿಂಡಿಯ ದಾರಿಗೆ ಅಡ್ಡಬರುತ್ತವೆ. ಆರೋಗ್ಯವಂತ ಹಂದಿಯಲ್ಲಿ ಪಡೆದ ಯಶಸ್ಸು ಇಂಥ ಎದೆಗೆ ಭರವಸೆಯಾಗಲಾರದು.

ಇನ್ನು ಕಲಿಕೆಯ ಪ್ರಶ್ನೆ. 1960ರ ಪ್ರಾಣಿ ಹಿಂಸಾ ನಿವಾರಣಾ ಕಾಯಿದೆ ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಆದರೆ ಕೇವಲ ಕೈಚಳಕ ಗಳಿಸುವ ಸಲುವಾಗಿ ಆದಷ್ಟು ಮಟ್ಟಿಗೆ ಅವು ನಡೆಯದಂತೆ ನಿಯಮಗಳಿರಬೇಕೆಂದು ಅದರ 17ನೆಯ ಕಲಮು ಹೇಳುತ್ತದೆ. ಇದು ವಿವೇಕದ ವ್ಯವಸ್ಥೆ. ಹೊಸ ಉಪಕರಣ ಅಥವಾ ಹೊಸ ವಿಧಾನ ಮೊದಲು ಪ್ರಾಣಿಯಲ್ಲಿ ಪರೀಕ್ಷಿತವಾಗುವುದು, ಅರಿವಳಿಕೆ ಮತ್ತು ದಯೆಯ ಕಟ್ಟಳೆಗೊಳಪಟ್ಟು, ಇಂದಿಗೂ ಅನಿವಾರ್ಯವೆನ್ನಬೇಕು. ಅದನ್ನು ಬೇಡವೆನ್ನುವವರು ಮೊದಲ ಅಪಾಯವನ್ನು ರೋಗಿಯ ತಲೆಗೆ ಕಟ್ಟಿದಂತಾಗುತ್ತದೆ. ಆದರೆ ಹೊಲಿಗೆ, ಗಂಟು, ಕ್ಯಾಮರಾ ಹಿಡಿಯುವ ಅಭ್ಯಾಸಗಳಿಗೆ ಪೆಟ್ಟಿಗೆಯ ಮಾದರಿಗಳಿವೆ, ಗಣಕಯಂತ್ರದ ಅನುಕರಣ ಸಾಧನಗಳಿವೆ, ಕಸಾಯಿಖಾನೆಯಿಂದ ತಂದ ಹೃದಯ-ಪುಪ್ಪುಸಗಳಿವೆ. ಇಷ್ಟಕ್ಕಾಗಿ ಜೀವಂತ ಪ್ರಾಣಿಯನ್ನು ಬಲಿಕೊಡುವುದು ಸೋಮಾರಿತನ. ಉಳಿದ ವಿದ್ಯೆಯನ್ನು ಹಿರಿಯ ಶಸ್ತ್ರವೈದ್ಯನ ಮಗ್ಗುಲಲ್ಲಿ ನಿಂತೇ ಕಲಿಯಬೇಕು.

ಆದುದರಿಂದ ರುಜು ಹಾಕುವ ಮುನ್ನ ಬಂಧುಗಳು ಕೇಳಬೇಕಾದುದು ಪ್ರಾಣಿಗಳ ವಿಚಾರವನ್ನಲ್ಲ. ಈ ಶಸ್ತ್ರಕ್ರಿಯೆಯನ್ನು ಈ ವೈದ್ಯರೇ ಎಷ್ಟು ಬಾರಿ ಮಾಡಿದ್ದಾರೆ? ರೋಗಿಗೆ ಹಿಂದೆ ಕ್ಷಯ ಬಂದದ್ದು ಅವರಿಗೆ ತಿಳಿದಿದೆಯೆ? (ಊರಿನವರು ಇದನ್ನು ಸಂಕೋಚದಿಂದ ಮುಚ್ಚಿಡುವುದುಂಟು.) ಅಗತ್ಯಬಿದ್ದರೆ ಎದೆ ತೆರೆಯಲಾಗುವುದೆಂಬ ಸಾಲನ್ನು ಸಾಮಾನ್ಯವಾಗಿ ಒಪ್ಪಿಗೆ ಪತ್ರದಲ್ಲಿ ಕಾಣಬಹುದು. ಹಾಗೆ ತೆರೆದಾಗ, ಹೊರಗೆ ಕಾದು ಕುಳಿತ ಮನೆಯವರು ಕೆಲಸ ಕೆಟ್ಟಿತೆಂದು ಕಂಗಾಲಾಗುತ್ತಾರೆ. ರಕ್ತ ಚಿಮ್ಮಿದಾಗಲೋ ಅಂಟು ಬಿಡದಾಗಲೋ ಕಿಂಡಿಯ ಹಟ ಬಿಟ್ಟು ಎದೆ ತೆರೆದ ವೈದ್ಯನು ಸೋತವನಲ್ಲವೆಂದು ಅವರಿಗೆ ಮೊದಲೇ ಕನ್ನಡದಲ್ಲಿ ತಿಳಿಯಹೇಳುವವರು ಬೇಕು.