ಕೆಂಪು ದ್ರಾಕ್ಷಿತೋಟ ಮತ್ತು ನಮ್ಮ ತಕ್ಕಡಿ

ಕಾಫಿ-ಅಡಿಕೆಯ ಪತ್ರಿಕೆಯಲ್ಲಿ ಚಿತ್ರಕಲೆಯ ಮಾತೇಕೆ ಎಂದು ಕೆಲವು ಸದಸ್ಯ ಬಾಂಧವರು ಕೇಳಬಹುದು. ಆದರೆ ಇದು ತೋಟದ ಚಿತ್ರ, ಕೊಯ್ಲಿನ ಚಿತ್ರ. ಡಚ್ ಕಲಾವಿದ ವಿನ್ಸೆಂಟ್ ವ್ಯಾನ್ ಗೋ 1888ರ ನವೆಂಬರಿನಲ್ಲಿ ದಕ್ಷಿಣ ಫ್ರಾನ್ಸಿನ ಆರ್ಲ್ ಎಂಬ ಊರಿನಲ್ಲಿದ್ದಾಗ ಬರೆದ 'ಕೆಂಪು ದ್ರಾಕ್ಷಿತೋಟ'. ಮಳೆ ಬಿಟ್ಟ ಒಂದು ಸಂಜೆ ಗೆಳೆಯ ಗೋಗ್ಯಾನೊಡನೆ ತಿರುಗಾಡಲು ಹೋದಾಗ ಕಂಡ ತೋಟವನ್ನು ಆತ ಮನೆಗೆ ಬಂದು ನೆನಪಿನಿಂದ ಬರೆದನು.

ಹಳದಿ ಆಕಾಶದಲ್ಲಿ ದೊಡ್ಡ ಸೂರ್ಯ, ಕೆಂಡದಂತಹ ಬಳ್ಳಿಗಳು, ಹಿಂದೆ ಒಂದು ಕುದುರೆಗಾಡಿ. ನಡುವೆ ಬೆನ್ನು ಬಾಗಿಸಿ ಹಣ್ಣು ಕೀಳುವವರು, ಹೆಚ್ಚಿನವರು ಹೆಂಗಸರು. ಎಲೆ ಇಷ್ಟು ಕೆಂಪಾಗುವ ವೇಳೆಗೆ ಆ ಸೀಮೆಯಲ್ಲಿ ಸಾಮಾನ್ಯವಾಗಿ ಕೊಯ್ಲು ಮುಗಿದಿರುತ್ತದೆ. ನೆನಪಿನಿಂದ ಬರೆದವನು ಎರಡು ಕಾಲವನ್ನು ಒಂದುಗೂಡಿಸಿರಬೇಕು ಎಂದು ನನ್ನ ಊಹೆ. ಬೆಳೆಗಾರನ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ!

ಈ ಚಿತ್ರದ ಬಗ್ಗೆ ಎಲ್ಲರೂ ಹೇಳುವುದು ಅದರ ಬೆಲೆಯ ಕತೆಯನ್ನೇ. 1890ರಲ್ಲಿ ಬ್ರಸೆಲ್ಸಿನ ಪ್ರದರ್ಶನದಲ್ಲಿ ಆನಾ ಬಾಕ್ ಎಂಬ ಕಲಾವಿದೆ ಇದನ್ನು 400 ಫ್ರಾಂಕಿಗೆ ಕೊಂಡರು. ಅದೇ ವರ್ಷ ವ್ಯಾನ್ ಗೋ ತೀರಿಕೊಂಡನು. ಅವನ ಜೀವಮಾನದಲ್ಲಿ ಮಾರಾಟವಾದದ್ದು ಇದೊಂದೇ ಎನ್ನುವ ಮಾತು ಪೂರ್ತಿ ನಿಜವಲ್ಲ, 1882ರಲ್ಲೇ ಅವನ ಚಿಕ್ಕಪ್ಪ ಕೆಲವು ರೇಖಾಚಿತ್ರಗಳಿಗೆ ಹಣ ಕೊಟ್ಟಿದ್ದರು. ಚಿತ್ರ ಈಗ ಮಾಸ್ಕೋದ ಪುಷ್ಕಿನ್ ವಸ್ತುಸಂಗ್ರಹಾಲಯದಲ್ಲಿದೆ. ಬರೆದವನಿಗೆ ಸಿಕ್ಕಿದ್ದೆಷ್ಟು ಎಂದು ಮರುಗುವವರು ಬಾಗಿದ ಬೆನ್ನುಗಳನ್ನು ಎಣಿಸುವುದಿಲ್ಲ. ಸೂರ್ಯ ಇಳಿದಿದ್ದಾನೆ, ಆದರೂ ಒಬ್ಬರೂ ಮನೆಗೆ ಹೊರಟಂತೆ ಕಾಣುವುದಿಲ್ಲ.

ನಮ್ಮಲ್ಲೂ ಅಷ್ಟೆ. ಅಡಿಕೆ ಸುಲಿತ ದೀಪದ ಬೆಳಕಿನಲ್ಲಿ ಮೆಟ್ಟುಗತ್ತಿಯ ಮುಂದೆ ನಡೆಯುತ್ತ ಬಂದ ಕೆಲಸ. ಯಂತ್ರ ಬಂದ ಮನೆಗಳಲ್ಲಿ ಆ ಕಷ್ಟ ಕಡಿಮೆಯಾಗಿದೆ. ಕಾಫಿ ಕೊಯ್ಲಿನದು ಬೇರೆ ಸಮಸ್ಯೆ. ಹಣ್ಣು ಕೊಯ್ಯುವುದು ಹೊತ್ತಿಗೆ ಸರಿಯಾಗಿ ನಿಂತರೂ, ಚೀಲ ಹೊತ್ತು ಕಣಕ್ಕೆ ಬಂದು, ಸಾಲಿನಲ್ಲಿ ನಿಂತು, ತೂಕ ಬರೆಸಿ ಹೊರಡುವಾಗ ಕತ್ತಲಾಗಿರುತ್ತದೆ. ಡಿಸೆಂಬರ್-ಜನವರಿಯಲ್ಲಿ ಹೊತ್ತು ಬೇಗ ಮುಳುಗುತ್ತದೆ. ಸಕಲೇಶಪುರ, ಕೊಡಗಿನ ಕಡೆ ಆನೆಗಳು ತೋಟದೊಳಗೇ ಇರುವ ಈ ದಿನಗಳಲ್ಲಿ ಆ ಕತ್ತಲೆಯ ದಾರಿ ಬರಿಯ ಅನಾನುಕೂಲವಲ್ಲ, ಪ್ರಾಣದ ಪ್ರಶ್ನೆ.

ಸಣ್ಣ ಬೆಳೆಗಾರರಾದ ನಮಗೆ ಆಳುಗಳ ಅಭಾವವಿದೆ, ಒಂದು ಗಂಟೆಯೂ ದುಬಾರಿ ಎಂಬ ಮಾತು ಒಪ್ಪತಕ್ಕದ್ದೇ. ಹಾಗೆಂದೇ, ಬರುವವರನ್ನು ಕತ್ತಲಲ್ಲಿ ಕಳುಹಿಸಿದರೆ ಮರುವರ್ಷ ಬರುವರೆ? ತಕ್ಕಡಿಯನ್ನು ಕಣದಲ್ಲಿ ಇಡುವ ಬದಲು ಅಂದಿನ ಕೊಯ್ಲಿನ ಪಟ್ಟಿಗೇ ಒಯ್ಯಬಹುದು. ನಾಲ್ಕೂವರೆಗೆ ತೂಕ ಶುರುಮಾಡಿದರೆ ಬೆಳಕಿರುವಾಗಲೇ ಮುಗಿಯುತ್ತದೆ, ತೂಕದ ಅಂಕಿಯೂ ಕೊಯ್ದವರ ಕಣ್ಣಿಗೆ ಕಾಣುತ್ತದೆ. ಹತ್ತಿರದ ನಾಲ್ಕೈದು ತೋಟದವರು ಸೇರಿ ಒಂದು ಜೀಪು ಗೊತ್ತುಮಾಡಿದರೆ ಐದೂವರೆಗೆ ಎಲ್ಲರನ್ನೂ ಮನೆ ಬಾಗಿಲಿಗೆ ಬಿಡಬಹುದು. ಈ ಕೊಯ್ಲಿಗೆ ಮೊದಲೇ ನಮ್ಮ ಸಂಘದ ಸಭೆಯಲ್ಲಿ ಇದನ್ನು ಚರ್ಚೆಗೆ ತೆಗೆದುಕೊಳ್ಳಬೇಕೆಂದು ನನ್ನ ವಿನಂತಿ.